ಹೇಳಿ ಬರುವ ಕಳ್ಳ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ಒಗ್ಗರಣೆ ಡಬ್ಬಿಗೂ ರೈಸ್ ಕುಕ್ಕರಿಗೂ ನಡುವೆ, ಆ ವರ್ಷವೆಲ್ಲ ಒಂದಲ್ಲ ಒಂದು ಜಪಾನಿ ಚಿತ್ರಕಥೆಯ ಪುಸ್ತಕ ಬೋರಲಾಗಿ ಬಿದ್ದಿರುತ್ತಿತ್ತು. ಮಂಗಾ ಎನ್ನುತ್ತಾರೆ ಅದಕ್ಕೆ. ನಮ್ಮ ಅತ್ತೆಯವರ ಬಾಯಲ್ಲಿ ಅದು ಬಂದ ದಿನವೇ ‘ಮಂಗನ ಪುಸ್ತಕ’ ಆಗಿಹೋಯಿತು. ನಮ್ಮ ಪುಸ್ತಕಗಳು ಎಲ್ಲಿ ಮುಗಿಯುತ್ತವೋ ಅಲ್ಲಿಂದ ಅದು ಶುರುವಾಗುತ್ತದೆ. ಒಂದು ಕೈಯಲ್ಲಿ ಸಾರು ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಅದನ್ನು ತೆರೆದಾಗಲೆಲ್ಲ ನಾನು ತೆರೆಯುತ್ತಿದ್ದುದು ತಪ್ಪು ಕಡೆಯಿಂದಲೇ. ಕಥೆಯ ಕೊನೆಯ ಚಿತ್ರ ಕಣ್ಣಿಗೆ ಬೀಳುವ ಮೊದಲೇ ಪಟ್ಟೆಂದು ಮುಚ್ಚಿಬಿಡುತ್ತಿದ್ದೆ. ಮೈಸೂರಿನಲ್ಲಿ ಪಕ್ಕದ ಮನೆಗೆ ಬರುತ್ತಿದ್ದ ಉರ್ದು ಪೇಪರನ್ನು ಎಷ್ಟೋ ವರ್ಷ ನೋಡಿದ್ದ ಅತ್ತೆಯವರಿಗೆ ಮಾತ್ರ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. “ಬಲಗಡೆಯಿಂದ ಓದ್ಬೇಕು ಕಣೇ, ಅಷ್ಟೂ ಗೊತ್ತಾಗಲ್ವಾ” ಎಂದು ನನಗೇ ಪಾಠ ಹೇಳಿದರು.

ಪುಸ್ತಕ ನನ್ನ ಮಗಳು ಸಿರಿಯದು. ಅವಳದೆಂದರೆ ಅಮೆರಿಕದಲ್ಲಿ ನಮ್ಮ ಮನೆಯಿದ್ದ ಲೂಯಿಸ್‌ವಿಲ್ ಲೈಬ್ರರಿಯದು. ಎಂಟು ವರ್ಷದ ಅವಳು ಶನಿವಾರಕ್ಕೊಮ್ಮೆ ಅಲ್ಲಿಂದ ಒಂದು ಭಾಗ ತರುತ್ತಿದ್ದಳು, ಮುಂದಿನ ಶನಿವಾರ ಅದನ್ನು ಕೊಟ್ಟು ಇನ್ನೊಂದನ್ನು ತರುತ್ತಿದ್ದಳು. ಕಥೆಯೋ, ಒಬ್ಬ ಷೋಕಿ ಕಳ್ಳನದು. ಬಿಳಿಯ ಮೇಲುಹೊದಿಕೆ, ಎತ್ತರದ ಟೋಪಿ, ಕೈಗೆ ಗವಸು. ಕದಿಯುವ ಮುಂಚೆ ಮನೆಯವರಿಗೆ ಚೀಟಿ ಕಳಿಸುತ್ತಾನೆ: ಇಂಥ ದಿನ, ಇಂಥ ಹೊತ್ತಿಗೆ, ನಿಮ್ಮ ಇಂಥ ವಸ್ತುವನ್ನು ತೆಗೆದುಕೊಂಡು ಹೋಗಲು ಬರುತ್ತೇನೆ, ದಯವಿಟ್ಟು ಎಚ್ಚರವಾಗಿರಿ. ಕದ್ದದ್ದನ್ನು ಕಥೆ ಮುಗಿಯುವ ಹೊತ್ತಿಗೆ ಯಾರದೋ ಅವರಿಗೇ ಮುಟ್ಟಿಸುತ್ತಾನೆ. ಬೆಣ್ಣೆ ಕದ್ದವನನ್ನು ತೊಟ್ಟಿಲಲ್ಲಿ ತೂಗಿ ಪೂಜೆ ಮಾಡುವ ನಮಗೆ ಇಂಥ ಕಳ್ಳನ ಮೇಲೆ ಕೋಪ ಬರುವುದಾದರೂ ಹೇಗೆ ಹೇಳಿ.

ಆದರೆ ಆ ಕಥೆಯಲ್ಲಿ ನನಗೆ ಕಸಿವಿಸಿ ಮಾಡುತ್ತಿದ್ದವಳು ಬೇರೊಬ್ಬಳು. ಕಳ್ಳನ ಮನೆಯಲ್ಲಿ ಏಳು ವರ್ಷದ ಒಬ್ಬ ಹುಡುಗಿ ಇದ್ದಾಳೆ. ಅವನಿಗೆ ಟೀ ಮಾಡಿಕೊಡುವುದು, ಹಗ್ಗ ಗಟ್ಟಿಯಾಗಿದೆಯೇ ಎಂದು ಎಳೆದು ನೋಡುವುದು, ಹೊರಗೆ ಚಳಿಯಿದೆ ಮಫ್ಲರ್ ಸುತ್ತಿಕೋ ಎಂದು ಗದರುವುದು ಎಲ್ಲ ಅವಳೇ. ದೊಡ್ಡವನು ಕುಣಿಯುತ್ತಾನೆ, ಚಿಕ್ಕವಳು ನಿಟ್ಟುಸಿರು ಬಿಡುತ್ತಾಳೆ. ಈ ಜಪಾನಿನವರು ಮಕ್ಕಳ ಮುಖಕ್ಕೆ ಅಷ್ಟಗಲದ ಕಣ್ಣು ಬರೆದು, ಆ ಕಣ್ಣಿನೊಳಗೆ ಪೆನ್ಷನ್ ತೆಗೆದುಕೊಳ್ಳುವವರ ದೃಷ್ಟಿಯನ್ನು ಯಾಕೆ ಇಡುತ್ತಾರೋ ಎಂದು ನಾನು ಗೊಣಗುತ್ತಿದ್ದೆ. ಮಕ್ಕಳು ಎಲ್ಲಾದರೂ ಹೀಗಿರುತ್ತಾರೆಯೇ ಎಂದು ಕೇಳಿದರೆ ಸಿರಿ ಪುಟದಿಂದ ತಲೆಯೆತ್ತದೆ, “ಸಮ್ ಕಿಡ್ಸ್ ಆರ್, ಅಮ್ಮ” ಎಂದು ಪುಟ ತಿರುಗಿಸಿದ್ದಳು.

ಆಗಿನ ನಮ್ಮ ಸಂಸಾರದ ಕಥೆ ಸ್ವಲ್ಪ ಹೇಳಬೇಕು. ಹೊಸ ಶತಮಾನ ಕಣ್ಣುಬಿಟ್ಟದ್ದೇ ಕಂಪನಿಗಳು ಒಂದೊಂದಾಗಿ ಜನರನ್ನು ಮನೆಗೆ ಕಳಿಸತೊಡಗಿದ್ದವು. ಕೆಲಸ ಸಿಕ್ಕಿದ ಊರೇ ಊರು ಎನ್ನುವ ಕಾಲ. ನನ್ನ ಗಂಡನಿಗೆ ಸಿಕ್ಕಿದ್ದು ಆಸ್ಟಿನ್‌ನಲ್ಲಿ. ಅದರ ಪಕ್ಕದ ಫ್ಲೂಗರ್‌ವಿಲ್‌ನ ಒಂದು ಮನೆಯಲ್ಲಿ ಇನ್ನಿಬ್ಬರ ಜೊತೆ ಇರುತ್ತಿದ್ದರು. ನನಗೆ ಸಿಕ್ಕಿದ್ದು ಹ್ಯೂಸ್ಟನ್‌ನಲ್ಲಿ. ವಾರವಿಡೀ ಅದರ ಹೊರವಲಯದ ಸೈಪ್ರೆಸ್‌ನ ಪರಿಚಯದವರ ಮನೆಯ ಹಿಂದಿನ ಕೋಣೆಯಲ್ಲಿ ನನ್ನ ವಾಸ. ಸಿರಿಯ ಸ್ಕೂಲು, ಅಪಾರ್ಟ್‌ಮೆಂಟಿನ ಲೀಸು ಎರಡೂ ಡಾಲಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿ. ಅವಳನ್ನು ನೋಡಿಕೊಳ್ಳಲು ಅತ್ತೆಯವರು ಮೈಸೂರಿನಿಂದ ಬಂದಿದ್ದರು. ಟೆಕ್ಸಸ್ಸಿನ ಭೂಪಟದಲ್ಲಿ ಈ ಮೂರು ಊರುಗಳಿಗೆ ಗೆರೆ ಎಳೆದರೆ ಒಂದು ತ್ರಿಕೋನವಾಗುತ್ತದೆ. ನಮ್ಮ ಸಂಸಾರ ಅದರ ಮೂಲೆಗಳಲ್ಲಿ ಒಣಹಾಕಿದ ಬಟ್ಟೆಯ ಹಾಗೆ ಹರಡಿಕೊಂಡಿತ್ತು. ಶುಕ್ರವಾರ ಸಂಜೆ ಎಲ್ಲರೂ ಒಂದು ಕಡೆ ಸೇರುತ್ತಿದ್ದೆವು, ಭಾನುವಾರ ಮಧ್ಯಾಹ್ನ ಮತ್ತೆ ಚದುರುತ್ತಿದ್ದೆವು.

ಮಲಗಿ ಎದ್ದರೆ ಹೋಗುವ ದಣಿವು ಬೇರೆ, ಸ್ವಾಮಿ. ನಾನು ಹೇಳುತ್ತಿರುವುದು ಮಲಗಿದಾಗಲೂ ಜೊತೆಗೇ ಮಲಗಿ, ನಮಗಿಂತ ಮುಂಚೆ ಎದ್ದು ಕೂತಿರುವ ದಣಿವು. ಹ್ಯೂಸ್ಟನ್ ರಸ್ತೆಯಲ್ಲಿ ಎರಡೂ ಬದಿಗೆ ಅದೇ ಗ್ಯಾಸ್ ಸ್ಟೇಷನ್ನು, ಅದೇ ಒಣ ಹುಲ್ಲು, ಅದೇ ದೈತ್ಯ ಲಾರಿ. ಆ ದಣಿವಿನಲ್ಲಿ ಮನುಷ್ಯನಿಗೆ ಒಂದೇ ಆಸೆ ಉಳಿಯುತ್ತದೆ: ಯಾರೂ ಅಳದಿರಲಿ, ಯಾರೂ ಏನೂ ಕೇಳದಿರಲಿ.

ಯಾರೂ ಅಳದ ಹಾಗೆ ಹೊರಡುವುದಕ್ಕೆ ನಮ್ಮಲ್ಲಿ ಒಂದು ಹಳೆಯ ಉಪಾಯವಿದೆ, ನಿಮಗೂ ಗೊತ್ತಿರುತ್ತದೆ. ಮಗುವನ್ನು ಅಜ್ಜಿ ಎತ್ತಿಕೊಂಡು ಹಿತ್ತಿಲಿಗೆ ಹೋಗಿ, “ಅಗೋ ಕಾಗೆ, ಅಗೋ ಗುಬ್ಬಿ” ಎಂದು ತೋರಿಸುತ್ತಿರುವಾಗ ತಾಯಿ ಮುಂಬಾಗಿಲಿನಿಂದ ಜಾರಿಕೊಳ್ಳುವುದು. ಕೆಲಸಕ್ಕೆ ಹೋಗುವ ಎಷ್ಟು ತಾಯಂದಿರು ಹೀಗೆ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದಿದ್ದಾರೋ. ಅಪ್ಪಂದಿರಿಗೆ ಈ ಗೋಳಿಲ್ಲ, ಅವರು ಹಾರ್ನ್ ಹೊಡೆದೇ ಹೋಗುತ್ತಾರೆ. ಸಿರಿ ಪುಟ್ಟವಳಿದ್ದಾಗ ನಾನು ಹೊರಟರೆ ಮನೆ ಹಾರಿಹೋಗುವಂತೆ ಅಳುತ್ತಿದ್ದಳು. ಅದನ್ನು ಕಂಡಿದ್ದ ಅತ್ತೆಯವರು ಬಂದ ಮೊದಲ ವಾರವೇ ಈ ವಿದ್ಯೆಯನ್ನು ಲೂಯಿಸ್‌ವಿಲ್‌ನಲ್ಲಿ ಜಾರಿಗೆ ತಂದರು. ನಮ್ಮ ಬಾಲ್ಕನಿಯ ಎದುರು ಪಾರ್ಕಿಂಗ್ ಲಾಟಿನ ತಂತಿಗಳ ಮೇಲೆ ಸಂತೆ ಕೂಡಿದಂತೆ ಕೂರುವ ಗ್ರ್ಯಾಕಲ್ ಎಂಬ ಉದ್ದ ಬಾಲದ ಕಪ್ಪು ಹಕ್ಕಿಗಳು ಅವರ ಪಾಲಿಗೆ ಅಮೆರಿಕದ ಕಾಗೆಗಳು. ಅಜ್ಜಿ ಮೊಮ್ಮಗಳು ಬಾಲ್ಕನಿಯಲ್ಲಿ ಕಾಗೆ ನೋಡುತ್ತಿರುವಾಗ ನಾನು ಸೂಟ್‌ಕೇಸನ್ನು ಉರುಳಿಸದೆ, ಎತ್ತಿಕೊಂಡೇ ಹೊರಟುಬಿಡುತ್ತಿದ್ದೆ. ಎಂಟು ವರ್ಷದ ಹುಡುಗಿಗೆ ಕಾಗೆ ತೋರಿಸುತ್ತಾರೆಯೇ ಎಂದು ನಮಗಿಬ್ಬರಿಗೂ ಹೊಳೆಯಲೇ ಇಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು, ಅಷ್ಟೇ. ಸೈಪ್ರೆಸ್ ತಲುಪಿ ಫೋನ್ ಮಾಡಿದರೆ ಅವಳದು ಒಂದೇ ಮಾತು, “ಇಟ್ಸ್ ಓಕೆ, ಅಮ್ಮ.” ಎಷ್ಟು ಜಾಣೆ ನನ್ನ ಮಗಳು ಎಂದು ಹಿಗ್ಗುತ್ತಿದ್ದೆ.

ಒಂದು ಶನಿವಾರ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಅವಳು ಕಥೆ ಹೇಳುತ್ತಿದ್ದಳು; ಹೇಳಿದ್ದು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅವನು ಯಾರಿಗೂ ಕಾಣದ ಹಾಗೆ ಒಳಗೆ ಹೋದೆ ಅಂದ್ಕೊಂಡಿದಾನೆ, ಅಮ್ಮ. ನಿಜ ಏನು ಗೊತ್ತಾ? ಆ ಪುಟ್ಟ ಹುಡುಗಿ ಮೊದಲೇ ಹೋಗಿ ಕಿಟಕಿ ಚಿಲಕ ತೆಗೆದಿಟ್ಟಿರ್ತಾಳೆ.”

“ಹಾಗಂತ ಅವನಿಗೆ ಹೇಳೋದಲ್ವಾ?”

“ಹೇಳಿದ್ರೆ ಅವನಿಗೆ ಬೇಜಾರಾಗುತ್ತೆ. ಅವನು ಮೊದಲೇ ತುಂಬಾ ಸುಸ್ತಾಗಿರ್ತಾನೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಎಣ್ಣೆಗೈ ಅವಳ ನೆತ್ತಿಯ ಮೇಲೆ ಹಾಗೇ ನಿಂತಿತು. ನಮ್ಮ ಮುಂಬಾಗಿಲಿಗೆ ಒಂದು ಸರಪಳಿ ಚಿಲಕವಿತ್ತು, ತೆಗೆದರೆ ಮನೆಯಿಡೀ ಕೇಳುವಂತೆ ಕಿರುಗುಟ್ಟುವಂಥದ್ದು. ನಾವು ಮನೆಯೊಳಗಿದ್ದಾಗಲೆಲ್ಲ ಹಾಕಿಯೇ ಇರುತ್ತಿದ್ದ ಆ ಸರಪಳಿ ಭಾನುವಾರ ನಾನು ಹೊರಡುವ ಹೊತ್ತಿಗೆ ಮಾತ್ರ ತೆಗೆದಿರುತ್ತಿತ್ತು. ಅತ್ತೆಯವರ ಮುಂಜಾಗ್ರತೆ ಎಂದುಕೊಂಡಿದ್ದೆ.

ಅಡುಗೆಮನೆಗೆ ಹೋಗಿ ಕೇಳಿದೆ. ಅವರು ಸೊಪ್ಪು ಸೋಸುತ್ತಿದ್ದರು.

“ಬಾಗಿಲ ಸರಪಳೀನ ಭಾನುವಾರ ನೀವು ತೆಗೆದಿಡ್ತೀರಾ ಅತ್ತೆ?”

“ನಾನ್ಯಾಕೆ ಹೋಗ್ಲಮ್ಮ ಅದರ ಹತ್ರ? ಅದನ್ನ ಬಿಚ್ಚೋಕೇ ನನಗೆ ಬರಲ್ಲ.”

“ಮತ್ತೆ ಕಾಗೆ ನೋಡೋಕೆ ಸಿರೀನ ಕರ್ಕೊಂಡು ಹೋಗೋದು ನೀವೇ ತಾನೆ?”

ಅವರು ಸೊಪ್ಪನ್ನು ಕೆಳಗಿಟ್ಟರು. “ಮೊದಲು ಕರೀತಿದ್ದೆ. ಈಗ ಅವಳೇ ಬರ್ತಾಳೆ. ನೀನು ಬ್ಯಾಗಿನ ಜಿಪ್ ಎಳೆದ ಸದ್ದು ಕೇಳಿದ್ರೆ ಸಾಕು, ‘ಅಜ್ಜಿ, ಬನ್ನಿ ಕಾಗೆ’ ಅಂತ ಕೈ ಹಿಡ್ಕೊಂಡು ಎಳೀತಾಳೆ. ಹಕ್ಕಿ ಅಂದ್ರೆ ಅಷ್ಟು ಇಷ್ಟ ಅಂದ್ಕೊಂಡಿದ್ದೆ ಕಣೇ ನಾನು.”

ನನಗೆ ನಾಚಿಕೆಯಾಯಿತು ಎನ್ನುವುದಕ್ಕಿಂತ ಭಯವಾಯಿತು ಎನ್ನುವುದೇ ಸರಿ. ನಾನು ಜಾಣತನ ಎಂದು ಹೆಮ್ಮೆಪಟ್ಟದ್ದು ಆ ಮಗುವಿನ ದುಡಿಮೆಯಾಗಿತ್ತು. ದೊಡ್ಡವರು ದಣಿದ ಮನೆಯಲ್ಲಿ ಮಕ್ಕಳು ಬೆಳೆಯುವುದಿಲ್ಲ, ದೊಡ್ಡವರ ಖಾಲಿ ಜಾಗದಲ್ಲಿ ಸುಮ್ಮನೆ ಬಂದು ನಿಲ್ಲುತ್ತಾರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಇನ್ನೊಂದು ವರ್ಷ ಹೀಗೇ ಬಿಟ್ಟರೆ ಇವಳಿಗೆ ಅಳುವುದೇ ಮರೆತುಹೋಗಬಹುದು ಎನ್ನಿಸಿತು. ಆ ಜಪಾನಿ ಕಳ್ಳ ಹೇಳಿ ಬರುತ್ತಾನೆ, ಕದ್ದದ್ದನ್ನು ಮುಟ್ಟಿಸಿಯೂ ಹೋಗುತ್ತಾನೆ. ನಾನು ಎರಡನ್ನೂ ಮಾಡಿರಲಿಲ್ಲ.

ಸಂಜೆ ಅವಳ ಪಕ್ಕದಲ್ಲಿ ಕೂತು ಹೇಳಿದೆ, “ಸಿರಿ, ನಾಳೆ ಊಟ ಆದ್ಮೇಲೆ ನಾನು ಹ್ಯೂಸ್ಟನ್‌ಗೆ ಹೋಗ್ತೀನಿ. ಮುಂಬಾಗಿಲಿಂದ, ನಿನ್ನ ಎದುರಿಗೇ. ಕಾಗೆ ಗೀಗೆ ಏನೂ ಬೇಡ.”

ಅವಳು ಬಹಳ ಹೊತ್ತು ಪುಟ ತಿರುಗಿಸಲಿಲ್ಲ. ಆಮೇಲೆ, “ಇಟ್ಸ್ ಓಕೆ, ಅಮ್ಮ” ಎಂದಳು.

ಮರುದಿನ ಅವರಪ್ಪ ಎಂದಿನಂತೆ ಹಾರ್ನ್ ಹೊಡೆದು ಆಸ್ಟಿನ್‌ಗೆ ಹೊರಟ ಮೇಲೆ ನಾನು ಸರಪಳಿ ಹಾಕಿದ್ದೆ. ಬ್ಯಾಗು ತುಂಬಿಕೊಂಡು ಬಂದು ನೋಡಿದರೆ, ತೆಗೆದಿತ್ತು. ನಾನೇ ಅದನ್ನು ಮತ್ತೆ ಹಾಕಿ, ಸೂಟ್‌ಕೇಸನ್ನು ಬೇಕೆಂದೇ ಗಡಗಡ ಉರುಳಿಸಿಕೊಂಡು ಬಂದು, ಅವಳ ಎದುರಿಗೇ ಸರಪಳಿಯನ್ನು ಎಳೆದೆ. ಅದು ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಕಿರುಗುಟ್ಟಿತು. ಸಿರಿ ದೊಡ್ಡವರ ಹಾಗೆ ಕೈ ಬೀಸಲು ಹೋದಳು. ಅರ್ಧಕ್ಕೆತ್ತಿದ ಕೈ ಅಲ್ಲಿಂದ ನೇರ ಬಂದು ನನ್ನ ಸೂಟ್‌ಕೇಸಿನ ಹಿಡಿಯನ್ನು ಹಿಡಿದುಕೊಂಡಿತು. ಎಷ್ಟು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ, “ಹೋಗ್ಬೇಡ ಅಮ್ಮ, ಹೋಗ್ಬೇಡ” ಎಂದು ಕನ್ನಡದಲ್ಲಿ ಅಳತೊಡಗಿದಳು.

“ನೋಡಿದ್ಯಾ, ಮಗೂನ ಅಳಿಸಿಬಿಟ್ಟೆ” ಎಂದು ಅತ್ತೆಯವರು ಗದರಿದರು. ಗದರುತ್ತಲೇ ಸೆರಗಿನಿಂದ ತಮ್ಮ ಕಣ್ಣೊರೆಸಿಕೊಂಡರು. ನಾನು ಹೊರಗಿನ ಮೆಟ್ಟಿಲ ಮೇಲೆ ಅವಳನ್ನು ತೊಡೆಯಲ್ಲಿ ಕೂರಿಸಿಕೊಂಡು ಕೂತೆ. ಕಾಲು ನೆಲಕ್ಕೆ ತಾಗುವಷ್ಟು ಉದ್ದವಾಗಿದ್ದಳು. ಸುಮ್ಮನಿರು ಎನ್ನಲಿಲ್ಲ, ಜಾಣೆ ಎನ್ನಲಿಲ್ಲ. ಅಳು ತಾನಾಗಿ ಮುಗಿಯುವವರೆಗೆ ಹ್ಯೂಸ್ಟನ್ ಕಾಯಲಿ ಎಂದು ಕೂತಿದ್ದೆ. ಕೊನೆಗೆ ಅವಳೇ ಮೂಗೊರೆಸಿಕೊಂಡು ಒಳಗೆ ಹೋಗಿ, ಆ ಪುಸ್ತಕವನ್ನು ತಂದು ನನ್ನ ಬ್ಯಾಗಿಗೆ ತುರುಕಿದಳು.

“ಶನಿವಾರ ಲೈಬ್ರರಿಗೆ ವಾಪಸ್ ಕೊಡ್ಬೇಕು,” ಅಂದಳು. “ನೀನೇ ತರ್ಬೇಕು.”

ಹೊರಟಾಗ ಬಹಳ ತಡವಾಗಿತ್ತು. ದಣಿವೇನೂ ಕಡಿಮೆಯಾಗಿರಲಿಲ್ಲ, ಆ ವಾರವೂ ಆಮೇಲಿನ ವಾರಗಳಲ್ಲೂ ಆಗಲಿಲ್ಲ. ಭಾನುವಾರದ ಅಳು ಒಂದು ಹೆಚ್ಚುವರಿ ಕೆಲಸವಾಗಿ ಸೇರಿಕೊಂಡಿತು, ಅಷ್ಟೇ. ಆದರೆ ಆ ದಿನ ನಡುದಾರಿಯ ಗ್ಯಾಸ್ ಸ್ಟೇಷನ್ನಿನಲ್ಲಿ ಕಾಫಿ ಆರಲೆಂದು ಕಾಯುತ್ತ ಪುಸ್ತಕವನ್ನು ಹೊರತೆಗೆದೆ. ಅಭ್ಯಾಸಬಲ, ಮತ್ತೆ ತಪ್ಪು ಕಡೆಯಿಂದಲೇ ತೆರೆದೆ. ಈ ಸಲ ಮುಚ್ಚಲಿಲ್ಲ. ಕೊನೆಯ ಚಿತ್ರದಲ್ಲಿ ಕಳ್ಳ ಮನೆಗೆ ಬಂದಿದ್ದಾನೆ. ಟೋಪಿ ತೆಗೆದು ನೆಲದ ಮೇಲಿಟ್ಟು, ಸೋಫಾದ ಮೇಲೆ ಮಲಗಿರುವ ಹುಡುಗಿಗೆ ತನ್ನ ಬಿಳಿಯ ಮೇಲುಹೊದಿಕೆಯನ್ನು ಹೊದಿಸುತ್ತಿದ್ದಾನೆ. ಅವಳ ಬಾಯಿ ಸ್ವಲ್ಪ ತೆರೆದಿದೆ, ಒಂದು ಕಾಲ್ಚೀಲ ಜಾರಿದೆ. ಪುಸ್ತಕದುದ್ದಕ್ಕೂ ಮುದುಕಿಯ ಹಾಗೆ ಕಾಣುತ್ತಿದ್ದವಳು ಅಲ್ಲಿ ಸರಿಯಾಗಿ ಏಳು ವರ್ಷದವಳಾಗಿದ್ದಳು.

ನನ್ನ ಹೆಗಲ ಮೇಲೆ ಸಿರಿಯ ಕಣ್ಣೀರು, ಸಿಂಬಳ ಎರಡೂ ಇನ್ನೂ ಒಣಗಿರಲಿಲ್ಲ. ಪುಸ್ತಕವನ್ನು ಪಕ್ಕದ ಸೀಟಿನಲ್ಲಿಟ್ಟು, ಕಾರು ಶುರು ಮಾಡಿದೆ.