ನೀರು ಇಳಿಯುವ ಸಾಲು

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ನರ್ಸಬಾಯಿ ಇದ್ದರು. ದವಾಖಾನಿಯ ಕೆಲಸ ಮುಗಿದ ಮೇಲೆ ಇಡೀ ಬೈಬಲ್ಲನ್ನು ಕೈಯಿಂದ ಬರೆಯಲು ಕೂತಿದ್ದರು. ದಪ್ಪ ಹಾಳೆ, ಕಪ್ಪು ಮಸಿ, ಅಂಚಿಗೆಲ್ಲ ಬಣ್ಣದ ಚಿತ್ರ. ಒಂದರಲ್ಲಿ, ಪ್ರಳಯದ ಕತೆಯ ನೋಹನ ಹೆಂಡತಿ ಇಲಕಲ್ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು ನಾವೆ ಹತ್ತುತ್ತಿದ್ದಳು. ನಾನು ನಕ್ಕರೆ, "ಮತ್ತೇನ ಉಡಬೇಕ್ರಿ ಆಕಿ?" ಅನ್ನುತ್ತಿದ್ದರು. ಹಾಳೆ ಮುಟ್ಟಲು ಹೋದರೆ ಮಾತ್ರ ಅಂಗೈ ಅಡ್ಡ ಹಿಡಿಯುತ್ತಿದ್ದರು: "ತಡೀರಿ, ಬಣ್ಣ ಆರ್ಲಿ."

ಪ್ರಳಯದ ಪುಟದಲ್ಲಿ ಅವರು ಬಿಡಿಸಿದ್ದು ಹಳೇ ಬಾಗಲಕೋಟೆಯನ್ನು. ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಅವರದೇ ಓಣಿ, ಮಾಳಿಗೆ ಮನೆಗಳು, ಎಲ್ಲದರ ಮೇಲೂ ತೆಳ್ಳನೆಯ ನೀಲಿ. ನೀರು ಇಳಿಯಿತೆಂದು ಬರೆಯುವ ಸಾಲು ಬಂದಾಗ ಲೇಖನಿ ಕೆಳಗಿಟ್ಟರು.

"ಇನ್ನೂ ಇಳಿದಿಲ್ಲಲ್ರಿ. ಸುಳ್ಳ ಹೆಂಗ ಬರೀಲಿ?"

ಬೇಸಿಗೆಯಲ್ಲಿ ಹಿನ್ನೀರು ಸರಿದ ಸುದ್ದಿ ಬಂತು. ಹಾಳೆಯನ್ನು ಹಲಗೆಗೆ ಕಟ್ಟಿಕೊಂಡು ನನ್ನ ಜೊತೆ ಆಟೋದಲ್ಲಿ ಹೊರಟರು. ಬಿರಿದ ಕೆಸರಿನ ನಡುವೆ ಅವರ ಮನೆಯದೆಂದು ಉಳಿದದ್ದು ಹೊಸ್ತಿಲ ಕಲ್ಲೊಂದೇ. ಸುತ್ತ ಬರೀ ಬಯಲು; ಆದರೂ ಅವರು ಹೊಸ್ತಿಲು ದಾಟಿಯೇ ಒಳಗೆ ಹೋಗಿ ಕೂತರು. ಆ ಸಾಲು ಬರೆದು, ಮೊದಲ ಅಕ್ಷರಕ್ಕೆ ಹಳದಿ ತುಂಬಿದರು. ದೂರದಲ್ಲಿ ನೀರು ನಿದ್ದೆಯಲ್ಲಿ ಉಸಿರಾಡಿದಂತೆ ಮಿನುಗುತ್ತಿತ್ತು.

"ಹೋಗೂಣ್ರಿ ಬಾಯಾರ, ಬಿಸಲ ಭಾಳ ಐತಿ," ಅಂದೆ.

"ತಡೀರಿ, ಬಣ್ಣ ಆರ್ಲಿ."

ಬೆರಳಿಟ್ಟು ನೋಡಿದೆ. ಆ ಬಿಸಿಲಿಗೆ ಬಣ್ಣ ಆಗಲೇ ಆರಿತ್ತು. ಅವರ ಅಂಗೈ ಈ ಸಲ ಅಡ್ಡ ಬರಲಿಲ್ಲ. ಅದು ಹೊಸ್ತಿಲನ್ನು ಸವರುತ್ತಿತ್ತು.