ಬಿಗಿ ಸ್ಪ್ರಿಂಗು

ಹಿರಿಯೂರಿನ ಹೆದ್ದಾರಿ ಪಕ್ಕದಲ್ಲಿ ಇಮಾಮ್ ಸಾಬರ ಗ್ಯಾರೇಜು, ಅದಕ್ಕೆ ಅಂಟಿಕೊಂಡಂತೆ ನನ್ನ ಟೈರ್ ಅಂಗಡಿ. ಎಂಬತ್ತರ ದಶಕದಲ್ಲಿ ನಮ್ಮ ಕಡೆ ಕಾರಿದ್ದವರೇ ಬೆರಳೆಣಿಕೆಯಷ್ಟು. ಅಂಥದರಲ್ಲಿ ಸಾಬರಿಗೆ ರ‍್ಯಾಲಿ ಕಾರಿನ ಇಂಜಿನ್ ಕಟ್ಟುವ ಹುಚ್ಚು ಹತ್ತಿತು. ಹತ್ತಿಸಿದವನು ಗುಡ್ಡಪ್ಪ, ಆದಿವಾಲದ ಎಣ್ಣೆ ಮಿಲ್ಲಿನವರ ಹಿರಿಮಗ. ಹಳೆಯ ಫಿಯೆಟ್ ಒಂದನ್ನು ಇಟ್ಟುಕೊಂಡು ಎಲ್ಲಿ ರ‍್ಯಾಲಿಯಾದರೂ ಹೋಗಿ ಸೋತು ಬರುತ್ತಿದ್ದ.

ಅದು ಸಂಸಾರಸ್ಥರು ಓಡಿಸಲೆಂದು ಮಾಡಿದ ಇಂಜಿನ್. ಎಕ್ಸಿಲೇಟರ್ ಪೂರ್ತಿ ತುಳಿದು ರೇಸ್ ಏರಿಸಿದರೆ ಒಂದು ಹಂತದಲ್ಲಿ ವಾಲ್ವುಗಳ ಸ್ಪ್ರಿಂಗು ಸೋಲುತ್ತಿತ್ತು. ವಾಲ್ವು ಹೊತ್ತಿಗೆ ಸರಿಯಾಗಿ ಮುಚ್ಚದೆ ಇಂಜಿನ್ ಪಟಪಟನೆ ಮಿಸ್ಸಿಂಗ್ ಹೊಡೆಯುತ್ತಿತ್ತು. ಗುಡ್ಡಪ್ಪ ಅದರ ವಂಶವನ್ನೆಲ್ಲ ಬೈದು ಎಕ್ಸಿಲೇಟರ್ ಮೇಲಿಂದ ಕಾಲು ಎತ್ತುತ್ತಿದ್ದ.

“ಎಷ್ಟು ತುಳಿದ್ರೂ ಬಿಕ್ಕಬಾರದು, ಒಡೀಬಾರದು. ಅಂಥದ್ದು ಕಟ್ಟಿಕೊಡ್ರಿ ಸಾಬ್ರೇ,” ಎಂದ.

ಸಾಬರು ಕಟ್ಟಿಕೊಟ್ಟರು. ಪಿಸ್ಟನ್ನು, ಕನೆಕ್ಟಿಂಗ್ ರಾಡುಗಳನ್ನು ಅಕ್ಕಸಾಲಿ ಮುರುಗಪ್ಪನ ಅಂಗಡಿಗೆ ಒಯ್ದು ಬೆಳ್ಳಿ ತೂಗುವ ತಕ್ಕಡಿಯಲ್ಲಿಟ್ಟು, ನಾಲ್ಕೂ ಒಂದೇ ತೂಕ ಬರುವವರೆಗೆ ಅರ ಹಿಡಿದು ಉಜ್ಜಿದರು. ತೂಕದಲ್ಲಿ ಹೆಚ್ಚುಕಮ್ಮಿಯಾದರೆ ಆ ವೇಗದಲ್ಲಿ ಅದರ ನಡುಕವೇ ಇಂಜಿನ್ನನ್ನು ಮುರಿದುಹಾಕುತ್ತದೆ ಎನ್ನುತ್ತಿದ್ದರು. ರಾಡಿನ ಬೋಲ್ಟುಗಳನ್ನೆಲ್ಲ ಹೊಸದು ಹಾಕಿದರು. ಕೊನೆಗೆ ಬೆಂಗಳೂರಿನಿಂದ ಬಿಗಿ ಸ್ಪ್ರಿಂಗುಗಳು ಬಂದವು. ಅವತ್ತು ಇಂಜಿನ್ ಕಿರುಚಿದ್ದಕ್ಕೆ ಬೀದಿಯೆಲ್ಲ ಬಂದು ನಿಂತಿತು. ಒಮ್ಮೆಯೂ ಬಿಕ್ಕಲಿಲ್ಲ. ಸಾಬರ ಮುಖ ನೋಡಬೇಕಿತ್ತು, ಮಗಳ ಮದುವೆಯಲ್ಲೂ ಅಷ್ಟು ಹಿಗ್ಗಿರಲಿಲ್ಲ.

ಮುಂದಿನ ರ‍್ಯಾಲಿಯಲ್ಲೇ ಹೊಸದುರ್ಗದ ರಸ್ತೆಯ ತಿರುವೊಂದರಲ್ಲಿ ಕಾರು ಹಳ್ಳಕ್ಕೆ ಹಾರಿತು. ಆಸ್ಪತ್ರೆಯಲ್ಲಿ ಗುಡ್ಡಪ್ಪನ ಬಲಗಾಲನ್ನು ಮೊಣಕಾಲಿನವರೆಗೆ ತೆಗೆದರು. ಜನ ಓಡಿಬಂದಾಗ ಇಂಜಿನ್ ಇನ್ನೂ ಓಡುತ್ತಿತ್ತಂತೆ. ಈ ಮಾತನ್ನು ನಮ್ಮೂರ ದಡ್ಡರು ಸಾಬರಿಗೆ ಹೊಗಳಿಕೆಯೆಂದು ತಂದು ಒಪ್ಪಿಸಿದರು.

ಸಾಬರಿಗೆ ಅನ್ನ ಸೇರದಾಯಿತು. “ಮಿಸ್ಸಿಂಗ್ ಇದ್ದಷ್ಟು ದಿನ ಹುಡುಗ ಕಾಲು ಎತ್ತುತಿದ್ದ,” ಎಂದರು ನನ್ನ ಹತ್ತಿರ. “ಎತ್ತದಂಗೆ ಮಾಡಿದೋನು ನಾನು.” ಓಡಿಸಿದವನು ಅವನಲ್ಲವೇ ಎಂದು ನಾನು ರೇಗಿದೆ. ಅವರು ಕೇಳಿಸಿಕೊಳ್ಳಲಿಲ್ಲ.

ವರ್ಷ ಕಳೆದ ಮೇಲೆ ಗುಡ್ಡಪ್ಪನ ತಮ್ಮ ಓಬಣ್ಣ ಇನ್ನೊಂದು ಫಿಯೆಟ್ ತಂದು ನಿಲ್ಲಿಸಿದ. ಅಣ್ಣನ ಇಂಜಿನ್ನನ್ನೇ ಅದಕ್ಕೆ ಕೂರಿಸಬೇಕಂತೆ, ತಾನೂ ರ‍್ಯಾಲಿಗೆ ಹೋಗಬೇಕಂತೆ. ಬೇಡವೆಂದು ಸಾಬರು ಎಷ್ಟು ಹೇಳಿದರೂ ಕೇಳಲಿಲ್ಲ. “ನೀವು ಒಲ್ಲೆ ಅಂದ್ರೆ ದಾವಣಗೆರೆ ಗ್ಯಾರೇಜಿಗೆ ಒಯ್ತೀನಿ,” ಎಂದ.

ಸಾಬರು ಒಪ್ಪಿಕೊಂಡರು. ಒಪ್ಪಿಕೊಂಡು, ಬಿಗಿ ಸ್ಪ್ರಿಂಗುಗಳನ್ನು ಬಿಚ್ಚಿ ಗುಜರಿಯಿಂದ ತಂದ ಸವೆದ ಸ್ಪ್ರಿಂಗುಗಳನ್ನು ಹಾಕಿದರು. ಬೇಕೆಂದೇ ಕೆಟ್ಟ ಕೆಲಸ ಮಾಡಿದ್ದು ಆಯುಷ್ಯದಲ್ಲಿ ಅದೇ ಮೊದಲು.

ಕಾರು ಒಯ್ಯಲು ಅಣ್ಣತಮ್ಮ ಇಬ್ಬರೂ ಬಂದರು. ಓಬಣ್ಣ ತುಳಿದ, ಇಂಜಿನ್ ಪಟಪಟ ಎಂದಿತು.

“ಏನ್ ಸಾಬ್ರೇ, ಕೈ ಸೋತೋತಾ?”

“ಇಂಜಿನ್ ಹಳೇದಾತಪ್ಪ. ಯಾರ ಕೈಗೆ ಕೊಟ್ರೂ ಇನ್ನು ಇಷ್ಟೇ.” ಸಾಬರು ಅವನ ಮುಖ ನೋಡಲಿಲ್ಲ.

ಓಬಣ್ಣ ಗೊಣಗುತ್ತ, ಪೆಟ್ರೋಲ್ ಹಾಕಿಸಲು ಎದುರಿನ ಬಂಕಿಗೆ ಹೋದ. ಗುಡ್ಡಪ್ಪ ಊರುಗೋಲು ಊರಿಕೊಂಡು ಹತ್ತಿರ ಬಂದ.

“ಸ್ಪ್ರಿಂಗ್ ಬದಲಾಯಿಸೀರಿ, ಹೌದಲ್ರಿ?”

ಸಾಬರು ಹೌದೆಂದು ತಲೆಯಾಡಿಸಿದರು.

“ಒಳ್ಳೇದ್ ಮಾಡಿದ್ರಿ. ನಾನೇನೂ ಅವನಿಗೆ ಹೇಳಲ್ಲ.” ಅಷ್ಟು ಹೇಳಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಹೊರಟವನು ತಿರುಗಿ ನಿಂತ. “ನನಗೂ ಇದೇ ಸುಳ್ಳು ಹೇಳಿದ್ರೆ ಆಗ್ತಿತ್ತಲ್ರಿ, ಸಾಬ್ರೇ.”

ದನಿಯಲ್ಲಿ ಸಿಟ್ಟು ಇರಲಿಲ್ಲ. ಸಾಬರು ಆಯಿಲ್ ಚೆಲ್ಲಿದ ನೆಲದ ಮೇಲೆಯೇ ಕುಳಿತುಬಿಟ್ಟರು.