ವಾಲಗದ ಹಿಂದೆ ತಂಪು ಕಾರು

ಮೈಸೂರಿನಲ್ಲಿ ತಂಪು ಮಾಡುವ ಕಾರನ್ನು ಮೊದಲು ಓಡಿಸಿದ ಗಂಡು ನಾನೇ. ಇನ್ನೊಬ್ಬ ಇದ್ದಿದ್ದರೆ ನನ್ನ ಕಿವಿಗೆ ಬೀಳದೆ ಇರುತ್ತಿತ್ತೇ? ನಮ್ಮ ಧಣಿಗಳ ಆ ವಿಲಾಯತಿ ಕಾರನ್ನು ಹೆಣ್ಣಿನ ಕಡೆಯವರೊಬ್ಬರು ವರನ ಮೆರವಣಿಗೆಗೆ ಕೇಳಿ ಪಡೆದಿದ್ದರು. ಸುಡುಬಿಸಿಲಲ್ಲಿ, ಜಯಲಕ್ಷ್ಮಿಪುರಂನ ಬೀದಿಯಲ್ಲಿ, ವಾಲಗದವರ ಹಿಂದೆ ಕಾರು ತೆವಳುತ್ತಿತ್ತು. ಒಳಗೆ ಉಣ್ಣೆಯ ಸೂಟು ತೊಟ್ಟ ವರ ಬೆವರಿ ತೊಪ್ಪೆಯಾಗಿದ್ದ.

ಪಕ್ಕದಲ್ಲಿದ್ದ ಅವನ ಸೋದರಮಾವ ಸಿಡಿದರು: "ಇದೇನು ಕಾರೋ, ಬಚ್ಚಲ ಒಲೆಯೋ? ನಮ್ಮನ್ನು ಬೇಯಿಸೋಕೆ ಕರೆಸಿದ್ದಾರೇನು? ಇಳಿಯೋ, ಈ ಸಂಬಂಧವೇ ಬೇಡ!"

ಮದುವೆ ಮುರಿಯುವುದರಲ್ಲಿತ್ತು. "ಕಾರು ಕೆಟ್ಟಿಲ್ಲ ಕಣ್ರೀ," ಅಂದೆ. "ಎಂಜಿನ್ ಜೋರಾಗಿ ತಿರುಗಿದರೇನೇ ತಂಪಿನ ಯಂತ್ರವೂ ಜೋರಾಗಿ ತಿರುಗೋದು. ಮುಂದಿನಿಂದ ಗಾಳಿ ಬಡಿದರೇನೇ ಅದು ಬಿಸಿ ಹೊರಗೆ ಹಾಕೋದು. ಹೀಗೆ ನಿಂತು ನಿಂತು ಹೋದರೆ ಎರಡೂ ಇಲ್ಲ. ಗಟ್ಟಿಯಾಗಿ ಹಿಡ್ಕೊಳ್ಳಿ!"

ವಾಲಗದವರನ್ನು ದಾಟಿ ಚಾಮುಂಡಿ ಬೆಟ್ಟದ ಕಡೆ ಹಾರಿಸಿದೆ ನೋಡಿ, ಬೆಟ್ಟದ ಬುಡಕ್ಕೆ ಬರುವಷ್ಟರಲ್ಲಿ ಸೋದರಮಾವ ಶಾಲು ಹೊದ್ದು ನಗುತ್ತಿದ್ದರು.

ಛತ್ರಕ್ಕೆ ಮರಳಿದಾಗ ಹೆಣ್ಣಿನ ತಂದೆ ಬಾಗಿಲಲ್ಲೇ ಕಣ್ಣೀರಿಡುತ್ತಿದ್ದರು. ವರ ಓಡಿಹೋದ ಅಂದುಕೊಂಡಿದ್ದರಂತೆ. "ಬಂದ್ಬುಟ್ರಾ!" ಎಂದು ಅವನ ಕೈ ಹಿಡಿದು, "ಅಯ್ಯೋ, ಭಯಕ್ಕೆ ಕೈಯೆಲ್ಲ ತಣ್ಣಗಾಗಿದೆಯಲ್ಲಪ್ಪಾ" ಅಂತ ಉಜ್ಜತೊಡಗಿದರು. ಎಲ್ಲರಿಗೂ ಉಸಿರು ಬಂತು.

ಮರುದಿನ ವರ ಮದುವೆ ಒಲ್ಲೆನೆಂದು ಕೊಡೆ ಹಿಡಿದು ಹೊರಡುವ ಕಾಶಿಯಾತ್ರೆಯ ಶಾಸ್ತ್ರ. ಅದಕ್ಕೆ ಮೊದಲು ಹೆಣ್ಣಿನ ತಂದೆ, ಆ ಮಹಾನುಭಾವರು, ನೇರ ನನ್ನ ಹತ್ತಿರ ಬಂದು ಕಾರಿನ ಬೀಗದ ಕೈ ಇಸಿದುಕೊಂಡರು.